ಕೂಸಿಗೆ ಕೊಟ್ಟ ಗಡುವು

ಟೋರ್ಸ್‌ಲಾಂಡ, ಗೋಥೆನ್‌ಬರ್ಗ್
ಶನಿವಾರ, ೮ ಫೆಬ್ರವರಿ ೨೦೨೫

ಮುದ್ದಿನ ಮಗಳು ಶರೋನ್‌ಗೆ, ಹೊಟ್ಟೆಯೊಳಗೆ ಕೂತು ನಮ್ಮೆಲ್ಲರ ಗಲಾಟೆ ಕೇಳಿಸಿಕೊಳ್ಳುತ್ತಿರುವ ಆ ಪುಟ್ಟ ಜೀವಕ್ಕೂ ಸೇರಿಸಿ, ಮಮ್ಮಿಯ ಮುತ್ತುಗಳು.

ಗುರುವಾರ ಫೋನು ಕಟ್ಟಾಯಿತಲ್ಲ, ನೆಟ್‌ವರ್ಕ್ ಸರಿಯಿರಲಿಲ್ಲ ಎಂದು ಆಮೇಲೆ ಮೆಸೇಜ್ ಹಾಕಿದೆನಲ್ಲ, ಅದು ಸುಳ್ಳು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಹದಿನೆಂಟನೇ ತಾರೀಕು ಆಪರೇಷನ್ ಮಾಡಿಸಿ ಮಗುವನ್ನು ಹೊರಗೆ ತೆಗೆಸುತ್ತೇವೆ ಎಂದು ನೀನು ಹೇಳಿದ್ದಕ್ಕೆ ನಾನೇ ಇಟ್ಟುಬಿಟ್ಟೆ. ಮಾರ್ಚ್ ಇಪ್ಪತ್ತೆರಡಕ್ಕೆ ಬರಬೇಕಾದ ಮಗು. ತಿಂಗಳಿಗೂ ಮುಂಚೆ! ನಿನ್ನ ಡಾಕ್ಟರು ಒಪ್ಪಲಿಲ್ಲವೆಂದು ಒಪ್ಪುವ ಇನ್ನೊಬ್ಬರನ್ನು ಹುಡುಕಿದಿರಂತೆ. ಕೊನೆಗೆ ನನ್ನ ಹತ್ತಿರ ಒಂದು ಮಾತು ಕೇಳಿದೆ: ಮಮ್ಮಿ, ನೀನು ಸೂಲಗಿತ್ತಿ, ಏನೂ ಆಗುವುದಿಲ್ಲ ಅಂತ ನೀನೊಂದು ಸಲ ಹೇಳು, ಸಾಕು. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಬೇರೆ ಏನೇನೋ ಬರುವುದರಲ್ಲಿತ್ತು, ಅದಕ್ಕೇ ಇಟ್ಟೆ.

ಇನ್ನು ಈ ಕಾಗದ ಯಾಕೆ ಎಂದರೆ, ನಮ್ಮ ಮನೆಯಲ್ಲಿ ಮಾತಾಡುವುದು ಕೊಂಕಣಿ, ಜಗಳಾಡುವುದು ಸ್ವೀಡಿಷ್, ಬರೆಯುವುದು ಮಾತ್ರ ನಾನು ಶಾಲೆಯಲ್ಲಿ ಕಲಿತ ಕನ್ನಡ. ಊರಿನ ಅಜ್ಜಿಗೆ ನೀನೇ ಕಾಗದ ಬರೆಯಬೇಕು ಎಂದು ಶನಿವಾರ ಶನಿವಾರ ಅಡುಗೆಮನೆಯ ಮೇಜಿನಲ್ಲಿ ನಿನಗೂ ಕಲಿಸಿದೆ. ನೀನು ಇವತ್ತಿಗೂ ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತೀ. ನನಗೆ ಈಗ ಬೇಕಾದದ್ದೂ ಅದೇ. ಲಿಂಡ್‌ಹೋಲ್ಮೆನ್‌ನಲ್ಲಿ ಕೆಲಸ ಮಾಡುವ ನಮ್ಮ ವಿಶಾಲ್ ಆಫೀಸಿನ ಕೆಲಸಕ್ಕೆಂದು ಸೋಮವಾರ ಡೆಟ್ರಾಯಿಟ್‌ಗೆ ಹೊರಟಿದ್ದಾನೆ. ಕಾಗದವೂ ಬಫಾತ್ ಪುಡಿಯೂ ಅವನ ಕೈಯಲ್ಲಿ ಬರುತ್ತವೆ. ಪುಡಿ ಅಳಿಯ ಆಸ್ಟಿನ್‌ಗೆ ಕೊಡು, ನೀನು ಖಾರ ತಿನ್ನಬೇಡ.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಗಂಡನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಶುಕ್ರವಾರ ಮಧ್ಯಾಹ್ನದವರೆಗೆ. ಆಮೇಲೆ ಯೋಚಿಸಿದೆ. ವೀಸಾದ ಮೇಲೆ ಬದುಕುವವನು, ನಾಳೆ ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕಾದವನು. ನಮ್ಮ ಕಾಲ ಕೆಳಗೆ ನೆಲ ಗಟ್ಟಿಯಿಲ್ಲ, ಹುಟ್ಟುವ ಮಗುವಿನದ್ದಾದರೂ ಗಟ್ಟಿಯಿರಲಿ ಎಂದು ಅವನು ಆಸೆಪಟ್ಟರೆ ತಪ್ಪೇನು? ಅಮೆರಿಕದಲ್ಲಿ ಹುಟ್ಟಿದ ಮಗು ಅಲ್ಲಿಯದೇ ಎಂದು ಎಷ್ಟೋ ಕಾಲದಿಂದ ನಡೆದು ಬಂದಿತ್ತು. ಹೊಸ ಅಧ್ಯಕ್ಷರು ಕುರ್ಚಿಯಲ್ಲಿ ಕೂತ ದಿನವೇ ಒಂದು ಆದೇಶಕ್ಕೆ ಸಹಿ ಹಾಕಿ, ಇನ್ನು ಮೂವತ್ತು ದಿನ ಕಳೆದ ಮೇಲೆ, ಅಂದರೆ ಈ ಹತ್ತೊಂಬತ್ತರಿಂದ, ಹುಟ್ಟುವ ನಿಮ್ಮಂಥವರ ಮಕ್ಕಳು ನಮ್ಮವರಲ್ಲ ಎಂದುಬಿಟ್ಟರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅನ್ನುತ್ತಾರೆ. ಇವರು ಕೂಸು ಹುಟ್ಟುವ ಮೊದಲೇ ಕುಲಾವಿ ಕಿತ್ತುಕೊಂಡರು. ಹೆದರಿಕೆಯಾಗದೆ ಇರುತ್ತದೆಯೇ?

ಡ್ಯಾಡಿಯಂತೂ ಆ ಆದೇಶವನ್ನು ಲೈಬ್ರರಿಯಲ್ಲಿ ಪ್ರಿಂಟ್ ಮಾಡಿಸಿ ತಂದು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಸಂವಿಧಾನ ಪೀಠದ ನ್ಯಾಯಮೂರ್ತಿಗಳ ಹಾಗೆ ಕೂತಿದ್ದಾರೆ. ಜೀವಮಾನವೆಲ್ಲ ಕಾರಿನ ಬ್ರೇಕ್ ಪರೀಕ್ಷೆ ಮಾಡಿದ ಮನುಷ್ಯ. ಫಿಕಾದ ಬಿಡುವಿಗೆಂದು ಕಾಫಿ ಇಟ್ಟರೆ ಅದು ತಣ್ಣಗಾಗುವವರೆಗೆ ನನಗೆ ಪಾಠ. ಆದರೂ ಒಂದು ಮಾತು ಅವರು ಸರಿಯಾಗಿ ಹೇಳಿದರು. ಅಧ್ಯಕ್ಷರು ಸಹಿ ಹಾಕಿದ್ದು ಅವರ ಕೈಕೆಳಗಿನ ಅಧಿಕಾರಿಗಳಿಗೆ ಕೊಟ್ಟ ಅಪ್ಪಣೆ ಮಾರಾಯ್ತಿ, ಅದು ಕಾನೂನಲ್ಲ ಎಂದರು. ಕಾನೂನು ಮಾಡುವುದು ಸಂಸತ್ತು. ಅದಕ್ಕೂ ಮೇಲೆ ಸಂವಿಧಾನ. ಅಲ್ಲಿ ಹುಟ್ಟಿದವರು ಅಲ್ಲಿಯ ಪ್ರಜೆಗಳು ಎಂದು ಗುಲಾಮಗಿರಿ ಹೋದ ಕಾಲದಲ್ಲೇ ಅದರಲ್ಲಿ ಬರೆದಿಟ್ಟಿದ್ದಾರಂತೆ. ಒಂದು ಸಹಿಯಿಂದ ಅದನ್ನು ಅಳಿಸಬಹುದೇ ಎಂಬುದೇ ಈಗಿನ ಜಗಳ. ಕಾರ್ಖಾನೆಯಲ್ಲಿ ಏನಾದರೂ ತಪ್ಪು ಕಂಡರೆ ಹಗ್ಗ ಎಳೆದು ಕಾರು ಜೋಡಿಸುವ ಇಡೀ ಸಾಲನ್ನೇ ನಿಲ್ಲಿಸುತ್ತಾರೆ, ನ್ಯಾಯಾಧೀಶರು ಈಗ ಆ ಹಗ್ಗ ಎಳೆದಿದ್ದಾರೆ ಎಂದರು. ಹೌದು ಶರೋನ್, ನೀನು ಫೋನ್ ಮಾಡುವ ಮುಂಚೆಯೇ ಇಡೀ ದೇಶಕ್ಕೆ ಅನ್ವಯಿಸುವ ಹಾಗೆ ತಡೆಯಾಜ್ಞೆ ಬಂದಾಗಿತ್ತು.

ಅದು ನಿನಗೂ ಗೊತ್ತಿತ್ತು. ತಡೆಯಾಜ್ಞೆ ಅಂದರೆ ತೀರ್ಪಲ್ಲ ಮಮ್ಮಿ, ನಾಳೆ ಮೇಲಿನ ಕೋರ್ಟು ತೆಗೆದುಹಾಕಿದರೆ ಏನು ಗತಿ ಅಂದೆಯಲ್ಲ. ನಿಜ. ನಾನು ನಿನಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಇದು ಎಲ್ಲಿ ಹೋಗಿ ನಿಲ್ಲುತ್ತದೋ ನನಗೂ ಗೊತ್ತಿಲ್ಲ, ಪೆನ್ಸಿಲ್ ಸಿಕ್ಕಿಸಿಕೊಂಡವರಿಗೂ ಗೊತ್ತಿಲ್ಲ.

ಆದರೆ ನನಗೆ ಗೊತ್ತಿರುವುದು ಒಂದಿದೆ. ಶುಕ್ರವಾರ ಹಗಲು ನನ್ನ ಪಾಳಿ. ಮೂವತ್ತೈದು ವಾರದ ಬಸುರಿಯೊಬ್ಬಳು ಬಂದಳು. ಹೆಸರು, ಊರು ಹೇಳುವ ಹಾಗಿಲ್ಲ, ನಮ್ಮ ಹಾಗೆ ಹೊರಗಿನಿಂದ ಬಂದವರು. ಅವಳಿಗೆ ಬೇರೆ ದಾರಿಯಿರಲಿಲ್ಲ, ರಕ್ತದೊತ್ತಡ ಏರಿತ್ತು. ಮಗು ಹುಟ್ಟಿತು, ಚೆನ್ನಾಗಿಯೇ ಇದೆ, ಹೆದರಬೇಡ. ಆದರೆ ಮೊಲೆ ಬಾಯಿಗಿಟ್ಟರೆ ಚೀಪಲು ಅದಕ್ಕೆ ತ್ರಾಣವಿಲ್ಲ. ನಾಲ್ಕು ಸಲ ಎಳೆದು ನಿದ್ದೆ ಹೋಗುತ್ತದೆ. ಉಸಿರಾಡುವುದನ್ನೇ ನಡುನಡುವೆ ಮರೆಯುತ್ತದೆ. ಮೂಗಿಗೆ ನಳಿಕೆ ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದೆವು. ತಾಯಿ ಪೆಟ್ಟಿಗೆಯ ತೂತಿನಿಂದ ಕೈ ಹಾಕಿ ಅದರ ಪಾದ ಹಿಡಿದುಕೊಂಡು ಕೂತಿದ್ದಳು. ಅಪ್ಪನಾದವನು ಬಂದು ನನ್ನ ಜೊತೆಯ ಗುನಿಲ್ಲಾಳನ್ನು ಕೇಳಿದ, ಇಲ್ಲಿ ಹುಟ್ಟಿದನಲ್ಲ, ಇವನು ಈಗ ಸ್ವೀಡನ್‌ನವನೇ ಎಂದು. ಅಲ್ಲ ಎಂದಳು ಗುನಿಲ್ಲಾ. ಹಾಗಾದರೆ ಯಾರವನು ಎಂದ. ಸದ್ಯಕ್ಕೆ ಅವನ ಅಮ್ಮನವನು, ಮೊದಲು ಉಸಿರಾಡುವುದು ಕಲಿಯಲಿ, ಉಳಿದದ್ದು ಆಮೇಲೆ ಎಂದಳು. ಆ ಮನುಷ್ಯ ಅಳುತ್ತಲೇ ನಕ್ಕ. ನಾನು ಔಷಧಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಿನ್ನ ನೆನಪಾಗಿ ಅತ್ತೆ ಅಂತಲೇ ಇಟ್ಟುಕೋ.

ಮಗಳೇ, ಆದೇಶಕ್ಕೆ ತಡೆ ಇದೆ. ತಡೆಗೆ ಮೇಲ್ಮನವಿ ಇದೆ. ಇವತ್ತು ಒಬ್ಬ ಅಧ್ಯಕ್ಷರು ಬರೆದದ್ದನ್ನು ನಾಳೆ ಇನ್ನೊಬ್ಬರು ಹರಿಯಬಹುದು. ಬಲಿಯುವ ಮೊದಲೇ ಹೊರಗೆ ತೆಗೆದ ಶ್ವಾಸಕೋಶಕ್ಕೆ ಮಾತ್ರ ಯಾವ ಕೋರ್ಟಿನಲ್ಲೂ ಮೇಲ್ಮನವಿ ಇಲ್ಲ. ಬೇರೆ ದಾರಿಯಿಲ್ಲದವಳು ಆ ಗಾಜಿನ ಪೆಟ್ಟಿಗೆಯ ಮುಂದೆ ಕೂತರೆ ಅದು ಅವಳ ಹಣೆಬರಹ. ದಾರಿಯಿದ್ದೂ ನೀನು ಕೂರಬೇಡ. ನೀನು ಕೇಳಿದ ಮಾತಿಗೆ ನನ್ನ ಉತ್ತರ ಇದು.

ನೀನೇ ಹುಟ್ಟಿದ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ನೀನು ಹುಟ್ಟಿದ್ದು ಇದೇ ಊರಿನಲ್ಲಿ, ಆದರೆ ಈ ದೇಶ ನಿನ್ನನ್ನು ತನ್ನವಳು ಎನ್ನಲಿಲ್ಲ. ಇಲ್ಲಿಯ ಪದ್ಧತಿಯೇ ಹಾಗೆ, ಯಾರ ಹಟವೂ ಅಲ್ಲ. ಭಾರತದ ಪಾಸ್‌ಪೋರ್ಟಿಗೆಂದು ನಿನ್ನ ಫೋಟೋ ಕಳುಹಿಸಿದರೆ ಕಣ್ಣು ಮುಚ್ಚಿದೆ, ನಡೆಯುವುದಿಲ್ಲ ಎಂದು ವಾಪಸು ಬಂತು. ಡ್ಯಾಡಿ ನಿನ್ನ ಮುಂದೆ ಚಮಚದಿಂದ ತಟ್ಟೆ ಬಡಿದು ಕಣ್ಣು ಬಿಡಿಸಿದರು. ಅದಕ್ಕೇ ಆ ಫೋಟೋದಲ್ಲಿ ನೀನು ಭೂತ ಕಂಡವಳ ಹಾಗಿದ್ದೀ. ಹಾಗೆ ಪರದೇಶಿಯಾಗಿಯೇ ದಾಗಿಸ್ ಶಿಶುವಿಹಾರಕ್ಕೆ ಹೋದೆ, ಪರದೇಶಿಯಾಗಿಯೇ ತಲೆಗೆ ದೀಪದ ಕಿರೀಟ ಇಟ್ಟುಕೊಂಡು ಲೂಸಿಯಾ ಹಬ್ಬದಲ್ಲಿ ಮೊದಲ ಸಾಲಿನಲ್ಲಿ ನಡೆದೆ. ಡ್ಯಾಡಿಯ ಜೊತೆ ನಿನಗೂ ಪೌರತ್ವ ಬಂದಾಗ, ನಿನ್ನೆಯವರೆಗೆ ನಾನು ಇಲ್ಲಿಯವಳಾಗಿರಲಿಲ್ಲವಾ ಮಮ್ಮಿ ಎಂದು ಕೇಳಿದ್ದೆ. ಅದರ ಉತ್ತರ ಈಗ ಹೇಳುತ್ತೇನೆ: ಇದ್ದೆ. ಕಾಗದ ಹಿಂದಿನಿಂದ ಬಂತು, ಅಷ್ಟೆ. ನಿನ್ನ ಮಗುವಿಗೆ ಆ ತಾಪತ್ರಯವೂ ಇಲ್ಲ. ಸ್ವೀಡನ್‌ನ ಪೌರತ್ವ ನಿನ್ನಿಂದ ಅದಕ್ಕೆ ಹುಟ್ಟುತ್ತಲೇ ಬರುತ್ತದೆ. ಅಮೆರಿಕದ್ದು ಬಂದರೆ ಒಳ್ಳೆಯದು, ಅದಕ್ಕಾಗಿ ಜಗಳಾಡುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೊಟ್ಟೆಯಲ್ಲಿರುವ ಮಗುವನ್ನೂ ಆ ಜಗಳಕ್ಕೆ ಯಾಕೆ ಎಬ್ಬಿಸುತ್ತೀ?

ಇಲ್ಲಿಗೆ ಬಂದ ಹೊಸದರಲ್ಲಿ ಈ ದೇಶದ ನಿಧಾನ ಕಂಡು ನಾನು ಎಷ್ಟು ನಗುತ್ತಿದ್ದೆ ಗೊತ್ತೇ? ಪಾರ್ಕಿನಲ್ಲಿ ಒಂದು ಬೆಂಚು ಹಾಕಬೇಕಾದರೂ ಊರಾಡಳಿತದ ಕೊಮ್ಯೂನ್‌ನವರು ಕರಡು ಬರೆದು, ಊರವರನ್ನೆಲ್ಲ ಅಭಿಪ್ರಾಯ ಕೇಳಿ, ಬೆಂಚು ಬರುವಷ್ಟರಲ್ಲಿ ಕೂರಬೇಕಾದವರಿಗೆ ಮಂಡಿನೋವು. ಹೆರಿಗೆ ವಾರ್ಡಿನಲ್ಲೂ ಅದೇ. ಡಾಕ್ಟರು ಏನು ಬರೆದಿದ್ದಾರೆ ಎಂದು ನೋಡಿದರೆ, ಕಾದು ನೋಡಿ. ಏನಾದರೂ ಮಾಡುವುದು ಬಿಟ್ಟು ಕಾಯುವುದೇ ಎಂದು ನನ್ನ ಕೈ ತುರಿಸುತ್ತಿತ್ತು. ಈಗ ಹೊಸ ಹುಡುಗಿಯರಿಗೆ ನಾನೇ ಹೇಳಿಕೊಡುತ್ತೇನೆ, ಕೈ ಕಟ್ಟಿ ಕೂರುವುದೇ ನಮ್ಮ ಕೆಲಸದಲ್ಲಿ ಕಷ್ಟದ ವಿದ್ಯೆ ಎಂದು. ತಾಳಿದವನು ಬಾಳಿಯಾನು ಎಂಬ ಗಾದೆ ನಮ್ಮದು, ನಡೆಸಿಕೊಂಡು ಬಂದವರು ಇವರು.

ಇನ್ನೊಂದು ವಿಷಯ. ಡ್ಯಾಡಿಗೆ ನಿನ್ನ ಹದಿನೆಂಟನೇ ತಾರೀಕಿನ ಸುದ್ದಿ ನಾನು ಹೇಳಿಲ್ಲ, ನೀನು ಬೇಡವೆಂದೆ. ಆದರೂ ಅವರು ಹೇಗೋ ವಾಸನೆ ಹಿಡಿದಿದ್ದಾರೆ. ಚೊಚ್ಚಲ ಹೆರಿಗೆ ತವರಿನದ್ದು, ಅವಳು ಇಲ್ಲಿಗೇ ಬರಲಿ, ಯಾವ ಆದೇಶವೂ ಬೇಡ ಎಂದು ನಿನ್ನೆಯಿಂದ ಒಂದೇ ರಾಗ. ಈ ತಿಂಗಳಲ್ಲಿ ವಿಮಾನ ಹತ್ತುವುದು ಸರಿಯಲ್ಲ, ದೇಶ ಬಿಟ್ಟವಳನ್ನು ಮತ್ತೆ ಅಲ್ಲಿ ಒಳಗೆ ಬಿಡುವಾಗ ಏನು ತಕರಾರೋ ಎಂದು ನಾನೇ ಬಾಯಿ ಮುಚ್ಚಿಸಿದೆ. ಬಾಯಿಯಲ್ಲಿ ಬೇಡ ಎಂದೆ. ಮನಸ್ಸು ಮಾತ್ರ ನಿನ್ನ ಕೋಣೆಯಲ್ಲಿ ತೊಟ್ಟಿಲು ಎಲ್ಲಿ ಇಡುವುದೆಂದು ಅಳೆದು ಮುಗಿಸಿತ್ತು. ಇದನ್ನು ಹೇಳುತ್ತಿರುವುದು ನಿನಗೆ ಮಾತ್ರ.

ಇಷ್ಟೆಲ್ಲ ಬರೆದದ್ದು ಆದೇಶವಲ್ಲ ಶರೋನ್. ಆದೇಶಗಳಿಂದ ನಿನಗೆ ಈಗಾಗಲೇ ಸಾಕಾಗಿದೆ. ಇಲ್ಲಿಯ ಪದ್ಧತಿಯಂತೆ, ಇದು ಅಭಿಪ್ರಾಯಕ್ಕೆಂದು ಕಳುಹಿಸಿದ ಕರಡು. ಆಸ್ಟಿನ್‌ಗೂ ಓದಿ ಹೇಳು. ಇಬ್ಬರೂ ಕೂತು ಯೋಚಿಸಿ. ನಿನ್ನ ಮೊದಲಿನ ಡಾಕ್ಟರ ಹತ್ತಿರ ಮತ್ತೊಮ್ಮೆ ಹೋಗಿ. ಇಷ್ಟಾದ ಮೇಲೂ ಹದಿನೆಂಟೇ ಎಂದು ನಿಶ್ಚಯವಾದರೆ, ನಾನು ಮುನಿಸಿಕೊಳ್ಳುವುದಿಲ್ಲ. ಆ ಪೆಟ್ಟಿಗೆಯ ಮುಂದೆ ನಿನ್ನ ಪಕ್ಕದಲ್ಲಿ ನಾನೂ ಒಂದು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಆದರೆ ನನ್ನ ಮನಸ್ಸು ಹೇಳುತ್ತಿದೆ, ಈ ಮಗು ತನ್ನ ಗಳಿಗೆಗೆ ತಾನೇ ಬರುತ್ತದೆ, ದೊಡ್ಡ ಗಂಟಲಿನಲ್ಲಿ ಅಳುತ್ತಾ ಬರುತ್ತದೆ, ಆ ಅಳು ಕೇಳಿದರೆ ಯಾವ ದೇಶದವರೂ ಬೇಡ ಅನ್ನಲಾರರು.

ಬಿಸಿ ನೀರು ಕುಡಿ. ಸುದ್ದಿ ನೋಡುವುದನ್ನು ಸಂಜೆಗೆ ಒಂದು ಸಲಕ್ಕೆ ಇಳಿಸು. ಮಗು ಒದೆಯುವುದು ಕಮ್ಮಿಯಾಯಿತು ಅನಿಸಿದರೆ ಮಾತ್ರ ಒಂದು ನಿಮಿಷವೂ ಕಾಯಬೇಡ, ಆಸ್ಪತ್ರೆಗೆ ಓಡು. ಅಲ್ಲಿ ನಿಧಾನ ಬೇಡ.

ನಿನ್ನ ಫೋನಿಗೆ ಕಾಯುತ್ತಿರುವ, ಈ ಸಲ ಕಟ್ ಮಾಡದ,
ಮಮ್ಮಿ
(ಹಿಲ್ಡಾ)

ಮರೆತದ್ದಲ್ಲ, ಕೊನೆಗೆಂದು ಇಟ್ಟುಕೊಂಡದ್ದು: ನನ್ನ ಪಕ್ಕದ ಕುರ್ಚಿಗೆ ನೀನು ಹೇಗೆ ಬರುತ್ತೀ ಮಮ್ಮಿ, ನಿನ್ನ ಆ ಹಳೇ ಭಾರತದ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಸಿಗುವಷ್ಟರಲ್ಲಿ ಮಗು ನಡೆಯುತ್ತದೆ ಎಂದು ನೀನು ನಗಬಹುದು. ನೀನೂ ಡ್ಯಾಡಿಯೂ ಏರ್‌ಪೋರ್ಟಿನಲ್ಲಿ ಬೇಗ ಹೊರಬಿದ್ದು ಕಾಫಿ ಕುಡಿಯುತ್ತಿದ್ದಿರಿ, ನಾನೊಬ್ಬಳು ಅದನ್ನು ಹಿಡಿದು ಬೇರೆ ಸಾಲಿನಲ್ಲಿ. ಊರಿನ ಹೆಸರಿರುವುದು ಇದೊಂದರಲ್ಲೇ, ಬಿಡುವುದಿಲ್ಲ ಎಂದು ಮೂವತ್ತು ವರ್ಷ ಹಟ ಹಿಡಿದವಳು ನಾನು. ನೀನು ಮದುವೆಯಾಗಿ ಡೆಟ್ರಾಯಿಟ್‌ಗೆ ಹೋದ ವಾರವೇ ಯಾರಿಗೂ ಹೇಳದೆ ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಿದ್ದೆ. ಜನವರಿಯಲ್ಲಿ ಬಂತು. ಹೊಸ ಪಾಸ್‌ಪೋರ್ಟನ್ನು ಬುಧವಾರ ತಂದೆ, ಇದಕ್ಕೆ ಅಮೆರಿಕದ ವೀಸಾ ಬೇಡ. ಹಳೆಯದನ್ನು ರದ್ದು ಮಾಡಲು ಕಳುಹಿಸಿದೆ. ಲಕೋಟೆಗೆ ಹಾಕುವಾಗ ಅತ್ತೆ, ಅಂಟಿಸಿದ ಮೇಲೆ ಸರಿಹೋದೆ. ಇದು ಡ್ಯಾಡಿಗೂ ಇನ್ನೂ ಗೊತ್ತಿಲ್ಲ, ಭಾನುವಾರ ಪೂಜೆ ಮುಗಿದ ಮೇಲೆ ಹೇಳುತ್ತೇನೆ, ಇಗರ್ಜಿಯಲ್ಲಿ ಕೂಗಾಡುವ ಹಾಗಿಲ್ಲವಲ್ಲ. ಟಿಕೆಟ್ ಮಾರ್ಚ್ ಎಂಟಕ್ಕೆ. ನೀವು ತಾರೀಕು ಬದಲಿಸದಿದ್ದರೆ ನಾನು ಟಿಕೆಟ್ ಬದಲಿಸುತ್ತೇನೆ. ಚೊಚ್ಚಲಿಗೆ ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳಲ್ಲಿಗೆ ಹೋಗಬೇಕು. ಇದು ಕರಡಲ್ಲ, ಆದೇಶ. ಸಹಿ ಆಗಿದೆ.