ಸಂಜೆ ಪುಟ್ಟಿಯ ಸ್ನಾನಕ್ಕೆ ನೀವೇ ಬೇಕು

ಅತ್ತೆ,

ನಿದ್ದೆಯಲ್ಲಿದ್ದಿರಿ, ಎಬ್ಬಿಸಲಿಲ್ಲ. ಪುಟ್ಟಿಯ ಕೀಮೋಗೆ ಹೊರಟೆವು, ಸಂಜೆ ಬರುತ್ತೇವೆ. ಅಡುಗೆ ಮುಚ್ಚಿಟ್ಟಿದ್ದೇನೆ. ನಿನ್ನೆಯ ಹಾಗೆ ನಾಯಿಗೆ ಹಾಕಿ "ನಂದಾಯ್ತು" ಅನ್ನಬೇಡಿ. ನಾಯಿ ಊದಿಕೊಳ್ಳುತ್ತಿದೆ.

ನೀವು ಕೇಳಲು ಹೆದರಿದ್ದನ್ನು ಡಾಕ್ಟರ ಹತ್ತಿರ ನಾನೇ ಕೇಳಿದೆ. ಹೊಟ್ಟೆನೋವೆಂದು ನೀವು ಎಣ್ಣೆ ಹಚ್ಚಿ ಉಜ್ಜಿದ್ದರಿಂದ ಕ್ಯಾನ್ಸರ್ ಮೂಳೆಗೆ ಹರಡಿದ್ದಲ್ಲ. ಅದು ಮೊದಲೇ ಹರಡಿತ್ತಂತೆ. "ಇದು ತೀರಾ ಅಪರೂಪದ್ದು, ಬೇಗ ಗೊತ್ತಾಗಲ್ಲ. ಅಜ್ಜಿ ಕೈಗೆ ಗಡ್ಡೆ ಸಿಕ್ಕಿದ್ದಕ್ಕೇ ಈಗಲಾದ್ರೂ ಔಷಧಿ ಶುರುವಾಯ್ತು" ಅಂದರು.

ಸಂಜೆ ನೀರು ಕಾಯಿಸಿಡಿ. ಔಷಧಿ ಹಾಕಲು ಎದೆಗೆ ಇಟ್ಟಿರುವ ಪೈಪು ಒದ್ದೆಯಾಗದಂತೆ ಪ್ಲಾಸ್ಟಿಕ್ ನಾನು ಸುತ್ತುತ್ತೇನೆ. ಮೈ ಮಾತ್ರ ನೀವೇ ತೊಳೆಯಬೇಕು. ನೀವು ಸ್ನಾನ ಮಾಡಿಸೋದು ಬಿಟ್ಟಾಗಿನಿಂದ ಅವಳದು ಒಂದೇ ಪ್ರಶ್ನೆ: "ಅಜ್ಜಿಗೆ ನನ್ ಮೇಲೆ ಕೋಪಾನಾ?"