ಗೋಡೆಗೆ ಮೂರು ಏಟು

ಅಹಲ್ಯಾ,

ಇವತ್ತು ಸಂಜೆ ದೆಹಲಿಯ ಮುನಿರ್ಕಾದ ಅದೇ ರೂಮಿನಲ್ಲಿ ಆನ್‌ಲೈನ್ ಟ್ಯೂಷನ್ ಹೇಳಿಕೊಡುತ್ತಿದ್ದೆ. ನೀನಿದ್ದ ಪಕ್ಕದ ರೂಮಿಂದ ಗೋಡೆಗೆ ಮೂರು ಏಟು ಬಿತ್ತು. ನಮ್ಮ ಎಂ.ಎಸ್ಸಿ. ಗಣಿತಕ್ಕೆ ನಾವೇ ಮಾಡಿಕೊಂಡಿದ್ದ ನಿಯಮ ಗೊತ್ತಲ್ಲ: ಲೆಕ್ಕ ಬಿಡಿಸಿದರೆ ಎರಡು, ಸಿಕ್ಕಿಹಾಕಿಕೊಂಡರೆ ಮೂರು, ಆಗ ಇನ್ನೊಬ್ಬಳು ಎದ್ದು ಬರಬೇಕು. ಮಕ್ಕಳನ್ನು ಸ್ಕ್ರೀನಿನಲ್ಲೇ ಬಿಟ್ಟು ಓಡಿದೆ.

ಹೊಸದಾಗಿ ಬಂದ ಹುಡುಗಿ ಕನ್ನಡಿ ತೂಗುಹಾಕಲು ಮೊಳೆ ಹೊಡೆಯುತ್ತಿದ್ದಳು. “ಸಾರಿ ದೀದಿ, ಕ್ಲಾಸ್ ಇತ್ತಾ?” ಅಂದಳು.

ಇತ್ತು ಕಣೇ. ನೀನು ಬದುಕಿದ್ದ ಕೊನೆಯ ಸಂಜೆಯೂ ಕ್ಲಾಸ್ ಇತ್ತು. ನೀನು ಮೂರು ಸಲ ತಟ್ಟಿದೆ, ಮತ್ತೆ ಮೂರು ಸಲ ತಟ್ಟಿದೆ. ಲೆಕ್ಕವೇ ಇರಬೇಕು, ಮುಗಿಸಿ ಹೋಗೋಣ ಅಂತ ನಾನು ದನಿ ಏರಿಸಿ ಪಾಠ ಮುಂದುವರಿಸಿದೆ.

ಇವತ್ತು ವಾಪಸ್ ಬರುವಾಗ ಹೆಜ್ಜೆ ಎಣಿಸಿದೆ. ನಿನ್ನ ಬಾಗಿಲಿಂದ ನನ್ನ ಬಾಗಿಲಿಗೆ ಹನ್ನೊಂದೇ.