ಗರಿಗರಿ ಆಲೂಗಡ್ಡೆಯ ಷರತ್ತು

ಬಾರ್ನ್‌ಸ್ಲಿ, ಸೋಮವಾರ

ಹಿಲ್ಡಾ ಅತ್ತೆಯವರಿಗೆ,

ನಿಮ್ಮ ತಂಗಿಯ ಮನೆಯಲ್ಲಿ ಆರಾಮವಾಗಿದ್ದೀರೆಂದು ನಂಬಿದ್ದೇನೆ. "ನಿನ್ನ ಆಲೂಗಡ್ಡೆ ಗರಿಗರಿಯಾದ ವರ್ಷ ಕ್ರಿಸ್‌ಮಸ್ ಊಟ ನಿನ್ ಮನೇಲೇ ಕಣಮ್ಮಾ" ಎಂದು ಎಲ್ಲರೆದುರು ನಕ್ಕಿದ್ದಿರಲ್ಲ?

ನೀವು ಹೇಳಿದಂತೆಯೇ ಅರೆಬೇಯಿಸಿ, ಕಾದ ಕೊಬ್ಬಿಗೆ ಹಾಕಿ ಓವನ್ನಿನಲ್ಲಿಟ್ಟರೂ ಪ್ರತಿಸಲ ಮೆತ್ತಗಾಗುತ್ತಿತ್ತು. ನೀರು ಬಸಿದ ಮೇಲೆ ಮುಚ್ಚಳ ಹಾಕಿ ಕುಲುಕಿ, ಅಂಚು ತರಿತರಿ ಮಾಡಬೇಕೆಂದು ಹೇಳಲು ನೀವು ಮರೆತಿರಬೇಕು, ವಯಸ್ಸಾಯಿತಲ್ಲ. ಮಾಂಸದಂಗಡಿಯವಳು ಹೇಳಿಕೊಟ್ಟಳು.

ನಿನ್ನೆ ಕುಲುಕಿದೆ. ಉಪ್ಪು, ರೋಸ್‌ಮರಿ ಸೊಪ್ಪು ಧಾರಾಳವಾಗಿ ಉದುರಿಸಿದೆ. ಊಟಕ್ಕೆ ಬಂದಿದ್ದ ಮಾವ ಕಚ್ಚಿದ ಸದ್ದು ಅಡುಗೆಮನೆಗೆ ಕೇಳಿಸಿತು.

"ಹಿಲ್ಡಾಗೆ ಹೇಳ್ಬೇಡ ಕಣೇ, ಇನ್ನೆರಡು ಹಾಕು!"

ಕ್ರಿಸ್‌ಮಸ್ ದಿನ ಮಧ್ಯಾಹ್ನ ಒಂದಕ್ಕೆ ಬನ್ನಿ. ನಿಮ್ಮ ದೊಡ್ಡ ಓವನ್ ತಟ್ಟೆಯನ್ನೂ ತನ್ನಿ. ಇನ್ನು ಮುಂದೆ ಅದು ಇಲ್ಲೇ ಇರಲಿ.

ನಿಮ್ಮ ಸೊಸೆ,
ಡೋರೀನ್